ಉಪ್ಪಿನ ಕುದುರೆ

ಟೇಪಿನಲ್ಲಿದ್ದ ಗಂಡಸು ಮಾತಿನ ನಡುವೆ ಉಸಿರಿಗೆಂದು ನಿಂತ. ಕೆಡೆಟ್ ಹುಡುಗಿಯ ಬೆರಳು ಅವಳ ಅಪ್ಪಣೆಯನ್ನೂ ಕೇಳದೆ ಮೊಣಕಾಲನ್ನು ಎರಡು ಸಲ ತಟ್ಟಿತು. ಮರುಕ್ಷಣ ಟೇಪಿನೊಳಗೂ ಯಾರೋ ಹಲಗೆ ತಟ್ಟಿದ ಸದ್ದು: ಟಕ್, ಟಕ್. ಗಂಡಸು ಮಾತು ಮುಂದುವರಿಸಿದ.

ಹುಡುಗಿ ಕೈಯನ್ನು ತೊಡೆಯ ಕೆಳಗೆ ತುರುಕಿಕೊಂಡಳು. ಮೇಜಿನ ಆಚೆ ಕೂತಿದ್ದ ಮೇಜರ್ ನೋಡಿದಳೋ ಇಲ್ಲವೋ ತಿಳಿಯಲಿಲ್ಲ. ರೆಪ್ಪೆ ಬಡಿಯದ ಅವಳ ಕಣ್ಣಿಗೆ ಹೆದರಿ ಕೆಡೆಟ್‌ಗಳೆಲ್ಲ ಬೆನ್ನ ಹಿಂದೆ ಗೂಬೆಯಮ್ಮ ಎನ್ನುತ್ತಿದ್ದರು.

ತರಬೇತಿ ಮುಗಿಸಿದವರೆಲ್ಲ ಅಂದು ಒಂದೊಂದು ಭಾಷೆ ಆರಿಸಿಕೊಳ್ಳಬೇಕಿತ್ತು. ಮಿತ್ರದೇಶದ ಭಾಷೆ ಕಲಿತವರಿಗೆ ರಾಯಭಾರ ಕಚೇರಿ, ಮಡಿಕೆ ಮುರಿಯದ ಸಮವಸ್ತ್ರ. ಹಡಗಿನವರ ಭಾಷೆ ಕಲಿತವರಿಗೆ ಬಂದರು. ಹೊಳೆಯಾಚೆಯ ಶತ್ರುವಿನ ಭಾಷೆ ಕಲಿತವರಿಗೆ ಗಡಿಯ ಆಲಿಸುವ ಠಾಣೆ. ಕಿವಿಗೆ ಹೆಡ್‌ಫೋನು, ಹೆಗಲಿಗೆ ಬೇಗ ಬೇಗ ನಕ್ಷತ್ರ. ಹುಡುಗಿ ಅದನ್ನೇ ಕೇಳಿದ್ದಳು. ಉಳಿದವರು ಅಕ್ಷರ ತಿದ್ದುವ ಹೊತ್ತಿಗೆ ತಾನು ಅರ್ಧ ದಾರಿ ದಾಟಿರುತ್ತೇನೆಂಬ ಆಸೆ.

ಅವಳ ಅಜ್ಜಿ ಹೊಳೆಯಾಚೆಯವಳು. ಗಡಿಗೆ ಬೇಲಿ ಹಾಕುವ ಮುಂಚೆ ದೋಣಿಯಲ್ಲಿ ಸೊಸೆಯಾಗಿ ಬಂದವಳು. ದಿನವೆಲ್ಲ ಈ ದಡದ ಮಾತಾಡಿ, ಮೊಮ್ಮಗಳ ತಲೆ ಬಾಚುವಾಗ ಮಾತ್ರ ಆ ದಡದ ಕಥೆ ಬಿಚ್ಚುತ್ತಿದ್ದಳು. ಆಚೆ ರಕ್ತಸಂಬಂಧ ಇರುವವರಿಗೆ ಆಲಿಸುವ ಠಾಣೆಯ ಹೊಸ್ತಿಲೂ ಇಲ್ಲ. ಸೈನ್ಯಕ್ಕೆ ಸೇರುವಾಗ ಆಚೆ ಯಾರೂ ಇಲ್ಲವೆಂದು ಹೇಳಿದ್ದಾಗಿತ್ತು. ಬೆಳಿಗ್ಗೆ ಅಮ್ಮ ಫೋನಿನಲ್ಲಿ ಗೋಗರೆದಿದ್ದಳು: ಮಿತ್ರದೇಶದ್ದೇ ಸಾಕು ಕಣೇ, ಗೊತ್ತಾದರೆ ನಿನ್ನ ಕೆಲಸ ಹೋಗುವುದಿರಲಿ, ಈ ವಯಸ್ಸಿನಲ್ಲಿ ಅಜ್ಜಿಯನ್ನು ಜೀಪು ಹತ್ತಿಸುತ್ತಾರೆ.

ಪರೀಕ್ಷೆ ಕಿವಿಯದ್ದು. ಅರ್ಥ ಬೇಡ, ಕೇಳಿಸಿದಂತೆ ತಿರುಗಿ ನುಡಿದರೆ ಸಾಕು ಎಂದಿದ್ದಳು ಮೇಜರ್. ಹುಡುಗಿ ಬೇಕೆಂದೇ ಅಲ್ಲಲ್ಲಿ ಎಡವಿದಳು, ನಾಲಗೆ ಹೊರಳದವಳಂತೆ ನಟಿಸಿದಳು. ಅಜ್ಜಿ ಕೇಳಿದ್ದರೆ ಬಾಚಣಿಗೆಯಿಂದಲೇ ಮೊಟಕುತ್ತಿದ್ದಳು.

ಮೇಜರ್ ತಲೆದೂಗಿ, ಟೇಪಿನತ್ತ ಬೆರಳು ತೋರಿಸಿದಳು. ಎದುರು ದಡದ ಕಾವಲು ಗೋಪುರಗಳ ವೈರ್‌ಲೆಸ್ಸಿನಲ್ಲಿ ಸಿಕ್ಕಿದ್ದಂತೆ ಅದು. ನಮ್ಮವರು ಒಂದು ಪದವನ್ನೂ ಬಿಡದೆ ಅನುವಾದಿಸಿದ್ದರಂತೆ. ಒಬ್ಬ ರಾಜ, ಅವನಿಗೆ ಏಳು ಕುದುರೆ, ಒಂದೊಂದಾಗಿ ಹೊಳೆ ದಾಟಿಸುತ್ತಾನೆ. ಪುಸ್ತಕದಲ್ಲೆಲ್ಲೂ ಇಲ್ಲದ ಈ ಕಥೆ ಸಂಕೇತವಲ್ಲದೆ ಇನ್ನೇನು?

"ಕುದುರೆ ಅಂದ್ರೆ ದಳ. ನಿನ್ನೆ ಆರನೇದು ದಾಟ್ತು," ಎಂದಳು ಮೇಜರ್.

"ನಡುನಡುವೆ ಆ ತಟ್ಟೋದು, ಮೇಡಂ?"

"ಆಜ್ಞೆ ಮುಟ್ತು ಅಂತ. ಏಳನೇದು ಹೊರಡೋಕೆ ಮುಂಚೆ ನಮ್ಮ ಫಿರಂಗಿ ಬಾಯಿ ಬಿಡ್ತವೆ. ಇವತ್ತು ಸಂಜೆ, ಆ ಗೋಪುರಗಳ ಮೇಲೆ."

ಆ ತಟ್ಟುವುದು ಏನೆಂದು ಹುಡುಗಿಗೆ ಗೊತ್ತಿತ್ತು. ಅಜ್ಜಿಯ ಅಪ್ಪ ಅಂಬಿಗ. ಕತ್ತಲಲ್ಲಿ ಹುಟ್ಟು ಹಾಕುತ್ತ ಕಥೆ ಹೇಳುವವನಿಗೆ ಹಿಂದೆ ಕೂತ ಮಗು ಎಚ್ಚರವಾಗಿದೆಯೋ ಇಲ್ಲವೋ ಕಾಣುವುದಿಲ್ಲ. ಮಗು ದೋಣಿಯ ಹಲಗೆಯನ್ನು ಎರಡು ಸಲ ತಟ್ಟಬೇಕು: ಎಚ್ಚರ ಇದ್ದೀನಿ, ಹೇಳು. ತಟ್ಟದಿದ್ದರೆ ಕಥೆ ಅಲ್ಲಿಗೇ ನಿಂತಿತು. ಅಂಬಿಗರ ಮಕ್ಕಳಿಬ್ಬರು ಎರಡು ಗೋಪುರಗಳಲ್ಲಿ ಕೂತು, ನಿದ್ದೆ ಬಾರದಿರಲೆಂದು ಒಬ್ಬರಿಗೊಬ್ಬರು ಕಥೆ ಹೇಳಿಕೊಳ್ಳುತ್ತಿದ್ದರು. ಅಷ್ಟೇ. ಸಂಜೆಯ ಹೊತ್ತಿಗೆ ಇಬ್ಬರೂ ಇರುವುದಿಲ್ಲ. ಅಲ್ಲಿಗೂ ನಿಲ್ಲುವುದಿಲ್ಲ, ಆ ದಡವೂ ಸುಮ್ಮನೆ ಕೂರುವುದಿಲ್ಲ.

"ಮುಖ ಯಾಕೆ ಹಾಗಾಯ್ತು?" ಮೇಜರ್ ಪೆನ್ನನ್ನು ಅವಳತ್ತ ಉರುಳಿಸಿದಳು. "ಭಾಷೆ ಬದಲಾಯಿಸ್ಕೋತೀಯಾ? ಮಿತ್ರದೇಶದ್ದು ತಗೋ. ಒಳ್ಳೆ ಊಟ, ಒಳ್ಳೆ ನಿದ್ದೆ."

ಪೆನ್ನು ಉರುಳುತ್ತ ಬಂದು ಮೇಜಿನ ಅಂಚಿನಲ್ಲಿ ನಿಂತಿತು. ಎತ್ತಿಕೊಂಡರೆ ಎಲ್ಲ ಸರಿಹೋಗುತ್ತಿತ್ತು. ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಇರುತ್ತಿದ್ದಳು, ಅಮ್ಮ ಇವತ್ತಾದರೂ ನೆಮ್ಮದಿಯಾಗಿ ಮಲಗುತ್ತಿದ್ದಳು.

"ಏಳನೇ ಕುದುರೆ ದಾಟಲ್ಲ, ಮೇಡಂ," ಎಂದಳು ಹುಡುಗಿ. ದನಿ ಅವಳದ್ದೇ ಎಂದು ಅವಳಿಗೇ ಅನಿಸಲಿಲ್ಲ. "ಅದು ಉಪ್ಪಿನ ಕುದುರೆ. ನಡು ಹೊಳೇಲಿ ಕರಗಿಹೋಗತ್ತೆ. ಸಮುದ್ರಕ್ಕೆ ಉಪ್ಪು ಬಂದಿದ್ದು ಹೇಗೆ ಅಂತ ಮಕ್ಕಳಿಗೆ ಹೇಳೋ ಕಥೆ ಅದು."

ಮೇಜರ್ ಟೇಪು ನಿಲ್ಲಿಸಿದಳು. ತಲೆಯ ಮೇಲಿನ ಫ್ಯಾನು ಕಿರುಗುಟ್ಟುವುದು ಈಗ ಕೇಳಿಸತೊಡಗಿತು.

"ನಮ್ಮ ಟೇಪು ಆರಕ್ಕೇ ನಿಂತಿದೆ. ಮುಂದಿಂದು ನಿನಗೆ ಯಾರು ಹೇಳಿದ್ದು?"

ಹುಡುಗಿಯ ಕಣ್ಣೆದುರು ಬಾಚಣಿಗೆ ಹಿಡಿದ ಸುಕ್ಕುಗಟ್ಟಿದ ಕೈ, ಅದರ ಹಿಂದೆ ಜೀಪಿನ ಬಾಗಿಲು.

ಮೇಜರ್ ಎಡಗೈಯಲ್ಲಿ ಫೋನಿನ ರಿಸೀವರ್ ಎತ್ತಿಕೊಂಡಳು. ಫಿರಂಗಿ ತಡೆಯಲಿಕ್ಕೋ, ಜೀಪು ಕಳಿಸಲಿಕ್ಕೋ, ಆ ಮುಖದಲ್ಲಿ ಏನೂ ಬರೆದಿರಲಿಲ್ಲ. ರೆಪ್ಪೆ ಬಡಿಯದೆ ಹುಡುಗಿಯನ್ನೇ ನೋಡುತ್ತ, ಬಲಗೈಯ ಬೆರಳಿನಿಂದ, ದೋಣಿಯಲ್ಲಿ ಕೂತ ಮಗುವಿನಂತೆ, ಮೇಜಿನ ಹಲಗೆಯನ್ನು ಮೆಲ್ಲಗೆ ಎರಡು ಸಲ ತಟ್ಟಿದಳು.