ಜಂಬುಲಿಂಗಪ್ಪನವರ ಎಡೆ

ಹಿರಿಯರ ಹಬ್ಬದ ಎಡೆಯ ಮುಂದೆ, ತೀರಿಹೋದ ಜಂಬುಲಿಂಗಪ್ಪನವರಿಗೆಂದು ಇಟ್ಟಿದ್ದ ಹೊಸ ಪಂಚೆಯ ಮೇಲೆ ಶಿಲ್ಪಾ ಪದಕವನ್ನಿಟ್ಟಳು. ಹೋಳಿಗೆ ಬಡಿಸಲು ಬಾಗಿದ್ದ ಅವಳ ಅತ್ತೆ ಬಸವಲಿಂಗಮ್ಮನ ಕೈ ಅಲ್ಲೇ ನಿಂತಿತು.

"ತೆಗಿಯವ್ವ ಅದನ್ನ. ಅದು ಎದುರಿಗಿದ್ರೆ ನಮ್ಮ ಮಾವ ಉಣ್ಣಲ್ಲ."

"ಬ್ರಿಟಿಷರ ಕಾಲದ ಬರ್ಮಾ ಯುದ್ಧದಾಗೆ ಅಮೆರಿಕದೋರ ಜೊತೆ ಬಾಂಬಿನ ವಿಮಾನ ಓಡಿಸಿದ್ದಕ್ಕೆ ಅವರೇ ಕೊಟ್ಟಿದ್ದಲ್ವೇನ್ರಿ? ನಿಮ್ಮ ಮಗ ಚಳ್ಳಕೆರೆಗೆ ಹೋಗಿ ಪಾಲಿಷ್ ಹಾಕಿಸ್ಕೊಂಡು ಬಂದವ್ರೆ. ಹಿರಿಯರಿಗೆ ಪ್ರೀತಿಯಾದ್ದನ್ನೇ ಎಡೆಗೆ ಇಡಬೇಕಂತ ನೀವೇ ಅಂತೀರಿ."

"ಅವರ ಪ್ರೀತಿದು ನಶ್ಯ. ಡಬ್ಬಿ ಗೂಡಿನಾಗೈತೆ, ಅದನ್ನಿಡು."

ನಲವತ್ತು ವರ್ಷ ಮಾವನಿಗೆ ಬಡಿಸಿದ ಕೈ ಅದು. ಯಾರಾದರೂ ಪದಕದ ಮಾತೆತ್ತಿದರೆ ಸಾಕು, ಅವರು ಅರ್ಧ ಊಟಕ್ಕೇ ಎದ್ದು ಕೈತೊಳೆಯುತ್ತಿದ್ದರು. ಒಂದೇ ಒಂದು ಸಲ ಹೇಳಿದ್ದರು: "ಮೇಲಿಂದ ನಂಗೆ ಬರೀ ಮನೆ ಮಾಳಿಗೆ ಕಾಣ್ತಿದ್ವು ಕಣವ್ವ. ಒಳಗೆ ಉಣ್ಣಾಕೆ ಕೂತೋರು ಕಾಣ್ತಿರಲಿಲ್ಲ."

ಶಿಲ್ಪಾ ಪದಕ ಹಿಡಿದು ನಿಂತಳು. "ಮತ್ತೆ ಇದನ್ನೆಲ್ಲಿಡ್ಲಿ?"

ಬಸವಲಿಂಗಮ್ಮ ಮಾವನ ಎಡೆಯ ಪಕ್ಕದಲ್ಲಿ ಇನ್ನೊಂದು ಬಾಳೆಲೆ ಹಾಸಿ, ನೀರು ಚಿಮುಕಿಸಿ, ಕೈಯಲ್ಲಿದ್ದ ಹೋಳಿಗೆಯನ್ನು ಅದಕ್ಕೆ ಬಡಿಸಿದರು.

"ಇದ್ಯಾರ ಎಡೆ ಅತ್ತೆ?"

"ಮಾವನ ಬಾಂಬು ಬಿದ್ದ ಮನೆಯೋರ್ದು. ಪದಕ ಇಲ್ಲಿಡು. ಮೊದ್ಲು ಅವರು ಉಣ್ಲಿ, ಆಮೇಲೆ ಮಾವ ಉಣ್ತಾರೆ."