ಬಾಯಿಗೆ ಅಡ್ಡ ಇಟ್ಟ ಕೈ

"ಒಂದು ಕಿವುಡು ಕೂಸಿಗೋಸ್ಕರ ಕ್ಲಾಸ್ ಪೂರ್ತಿ ಕೆಡಿಸ್ತಾ ಇದೀರಿ ಟೀಚರಮ್ಮ. ನನ್ನ ಮಗಳು ನಿನ್ನೆ ಅವರಜ್ಜನ ಮುಖಾನೇ ನುಂಗೋ ಹಂಗೆ ನೋಡ್ಕೊಂಡು ಮಾತಾಡಿದ್ಲು. ಹಿರಿಯರ ಮುಂದೆ ಬಾಯಿಗೆ ಕೈ ಅಡ್ಡ ಇಡೋದನ್ನ ನಿಮ್ಮಪ್ಪ ನಿಮಗೆ ಕಲಿಸ್ಲಿಲ್ವಾ?"

ಮೂರನೇ ತರಗತಿಯ ಬಾಗಿಲಲ್ಲಿ ನಿಂತು ದೇವೀರಪ್ಪ ಕೂಗಿದ. ಕೊಬ್ಬರಿ ವ್ಯಾಪಾರಿ. ಶಾಲಾ ಸಮಿತಿಯ ಅಧ್ಯಕ್ಷ ಬೇರೆ.

"ಕಲಿಸಿದ್ರು. ನಾನು ಬಿಡಿಸ್ತಾ ಇದೀನಿ" ಎಂದರು ಸುಲೋಚನಮ್ಮ, ಅವನಿಗಿಂತ ಜೋರಾಗಿ. "ಹುಲಿಗೆಮ್ಮ ತುಟಿ ನೋಡಿ ಮಾತು ತಿಳ್ಕೋತಾಳೆ. ಬಾಯಿಗೆ ಕೈ ಅಡ್ಡ ಇಟ್ರೆ ಅವಳ ಮುಖಕ್ಕೆ ಬಾಗ್ಲು ಹಾಕಿದ ಹಾಗೆ. ನೀವೂ ಅಷ್ಟೇ. ಬಾಯಲ್ಲಿರೋ ಎಲೆಅಡಿಕೆ ಉಗಿದು ಬಂದು ಮಾತಾಡಿ."

ದೇವೀರಪ್ಪ ಅಂಗಳದ ಕಡೆ ತಿರುಗಿ ಉಗಿದ. ಹಾಗೇ ಬೆನ್ನು ಹಾಕಿಕೊಂಡು, "ಗಂಡನ ಮನೇಲಿ ಬಾಳದವಳು ನಮಗೆ ಬುದ್ಧಿ ಹೇಳೋಕೆ ಬಂದ್ಬಿಟ್ಲು" ಎಂದ. ಪಕ್ಕದಲ್ಲಿದ್ದ ಹೆಡ್‌ಮಾಸ್ಟರು ಬೆವೆತರು. ಸುಲೋಚನಮ್ಮ ಹುಬ್ಬು ಕೂಡ ಅಲುಗಿಸಲಿಲ್ಲ.

"ಹ್ಞೂಂ, ಈಗ ಹೇಳಿ" ಎಂದರು.

ದೇವೀರಪ್ಪನಿಗೆ ಮೈ ಉರಿದದ್ದೇ ಅದಕ್ಕೆ. ಬೈದರೆ ತಿರುಗಿ ಬೈಯಬೇಕು. ಇಲ್ಲ, ಅಳಬೇಕು. ಇದ್ಯಾವ ಸೀಮೆಯ ಹೆಂಗಸು?

ಶಿವನಿ ಸ್ಟೇಷನ್ನಿನ ಹಿಂದಿನ ಆ ಶಾಲೆಗೆ ಸುಲೋಚನಮ್ಮ ಬಂದು ವರ್ಷಗಳಾಗಿದ್ದವು. ಮೊದಲು ಮೆತ್ತಗಿನ ಹೆಂಗಸು. ಹೋದ ವರ್ಷ ದೊಡ್ಡ ಜ್ವರ ಬಂದು ಎದ್ದಮೇಲೆ ಸಿಟ್ಟು ಜಾಸ್ತಿಯಾಗಿದೆ, ಮಾತಾಡಿದರೆ ಅಜ್ಜಂಪುರಕ್ಕೆ ಕೇಳುತ್ತದೆ ಎಂದು ಊರು ಆಡಿಕೊಳ್ಳುತ್ತಿತ್ತು. ಅದೇ ವರ್ಷ ಹುಲಿಗೆಮ್ಮ ಅವರ ತರಗತಿಗೆ ಸೇರಿದಳು. ಹುಟ್ಟು ಕಿವುಡಿ. ಕರೆದು ಕೂರಿಸಿಕೊಂಡವರು ಸುಲೋಚನಮ್ಮನೇ.

ಕಾನೂನು ಶುರುವಾದದ್ದು ಆಮೇಲೆ. ಮಾತಾಡುವ ಮೊದಲು ಕೈ ಎತ್ತಬೇಕು. ಯಾರೂ ಯಾರ ಬೆನ್ನಿಗೂ ಮಾತಾಡಬಾರದು. ಬೆಲ್ ಹೊಡೆದರೆ ಬಾಗಿಲ ಹತ್ತಿರ ಕೂತವರು ಎದ್ದು, ರೈಲಿನ ಗಾರ್ಡಿನ ಹಾಗೆ ಹಸಿರು ಬಟ್ಟೆ ಬೀಸಬೇಕು. ಬಾಗಿಲ ಹತ್ತಿರ ಕೂತದ್ದು ದೇವೀರಪ್ಪನ ಮಗಳು ಮಲ್ಲಿಕಾಂಬ.

"ನನ್ನ ಮಗಳೇನು ರೈಲ್ವೆ ಕೆಲಸಕ್ಕೆ ಸೇರಿಲ್ಲ ಕಣ್ರೀ" ಎಂದು ಗೊಣಗಿಕೊಂಡು ಹೋದವನು ತರೀಕೆರೆ ಕಚೇರಿಗೇ ಅರ್ಜಿ ಕೊಟ್ಟ.

ವಾರದೊಳಗೆ ಸ್ಕೂಲ್ ಇನ್ಸ್‌ಪೆಕ್ಟರ್ ತಮ್ಮಯ್ಯ ಬಂದರು. ಜೊತೆಗೆ ಹೆಡ್‌ಮಾಸ್ಟರು. ಹಿಂದೆ ದೇವೀರಪ್ಪ, ಮಡಿ ಪಂಚೆ ಉಟ್ಟು, ಮದುವೆಗೆ ಹೊರಟವನ ಹಾಗೆ.

"ನೋಡಿ ಟೀಚರ್" ಎಂದರು ತಮ್ಮಯ್ಯ, ಮೇಜಿನ ಎದುರು ನಿಂತು. "ಈ ಹುಡುಗಿಗೆ ಮೂರನೇ ತರಗತಿ ಲೆಕ್ಕ ಬಂದ್ರೆ ಇಲ್ಲೇ ಇರ್ತಾಳೆ. ಬರದಿದ್ರೆ ಇವಳು ಮನೆಗೆ, ನೀವು ಬೇರೆ ಊರಿಗೆ. ನ್ಯಾಯ ತಾನೆ?"

"ನ್ಯಾಯ. ಬಾಯಿಲೆಕ್ಕಾನೇ ಕೇಳಿ ಸಾರ್. ಅವಳ ಕಡೆ ಮುಖ ಮಾಡಿ ಕೇಳಿ, ಸಾಕು."

ತಮ್ಮಯ್ಯ ಬಾಯಿ ತೆರೆದರು. ಅಷ್ಟರಲ್ಲಿ ಬೀರೂರು ಕಡೆಯಿಂದ ಗೂಡ್ಸ್ ಗಾಡಿ ಬಂತು. ಕಿಟಕಿ, ಹೆಂಚು, ಸ್ಲೇಟು ಎಲ್ಲ ಗಡಗಡ. ಪಕ್ಕದ ಕೊಠಡಿಯಲ್ಲಿ ಮಗ್ಗಿ ಹೇಳಿಸುತ್ತಿದ್ದ ಬೆನಕಪ್ಪ ಮೇಷ್ಟ್ರು ದಿನದ ಪದ್ಧತಿಯಂತೆ ಬಾಯಿ ಮುಚ್ಚಿ ಕೂತರು. ತಮ್ಮಯ್ಯ ಹಠದ ಮನುಷ್ಯ. ಗದ್ದಲದಲ್ಲೇ ಲೆಕ್ಕ ಹೇಳಿ ಮುಗಿಸಿದರು. ಇಪ್ಪತ್ತನಾಲ್ಕು ತೆಂಗಿನಕಾಯಿ, ಆರು ಜನಕ್ಕೆ ಹಂಚಿದರೆ ತಲೆಗೆಷ್ಟು?

ಹುಲಿಗೆಮ್ಮ ನಾಲ್ಕು ಬೆರಳು ಎತ್ತಿದಳು.

ಅವಳೊಬ್ಬಳೇ ಅಲ್ಲ. ಇಡೀ ತರಗತಿ ನಾಲ್ಕು ಬೆರಳು ಎತ್ತಿ ಕೂತಿತ್ತು. ಬಾಗಿಲ ಹತ್ತಿರ ಮಲ್ಲಿಕಾಂಬನೂ. ಮಕ್ಕಳ ಪಕ್ಕ ಗೋಡೆಗೆ ಒರಗಿದ್ದ ಸುಲೋಚನಮ್ಮ "ಭೇಷ್" ಎಂದು ತಲೆಯಾಡಿಸಿದರು.

ಗಾಡಿ ದಾಟಿತು. "ನನಗೇ ಒಂದು ಅಕ್ಷರ ಕೇಳ್ಲಿಲ್ಲ. ಇವಕ್ಕೆ ಹೆಂಗ್ರೀ ಕೇಳ್ತು?" ಎಂದ ದೇವೀರಪ್ಪ.

"ಕೇಳಿಲ್ಲ ಕಣಪ್ಪ, ನೋಡಿದಾರೆ" ಎಂದು ತಮ್ಮಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. "ರೈಲು ಪಕ್ಕದ ಇಸ್ಕೂಲಿಗೆ ಇದಕ್ಕಿಂತ ಒಳ್ಳೇ ವಿದ್ಯೆ ಇನ್ನೊಂದಿದೆಯೇನಯ್ಯ? ಹುಡುಗಿ ಇಲ್ಲೇ ಇರ್ತಾಳೆ. ಟೀಚರೂ ಇಲ್ಲೇ ಇರ್ತಾರೆ."

ಸುಲೋಚನಮ್ಮ ಕೈಮುಗಿದು, ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿದರು. ತೆಂಗಿನಕಾಯಿ ಲೆಕ್ಕವನ್ನೇ ಬರೆಯತೊಡಗಿದರು.

ದೇವೀರಪ್ಪ ಟವೆಲ್ಲು ಝಾಡಿಸಿ ಹೆಗಲಿಗೆ ಎಸೆದುಕೊಂಡ. ಹೊಸ್ತಿಲಲ್ಲಿ ನಿಂತು ಅವರ ಬೆನ್ನಿಗೆ ಕೂಗಿದ. "ಈ ಊರಿಗೆ ಮಾರಿ ಹೊಕ್ಕಂಗೆ ಹೊಕ್ಕಿದೀಯ ಕಣೇ. ನೀನಿರೋ ತನಕ ಈ ಇಸ್ಕೂಲಿನ ಮೆಟ್ಲು ತುಳಿದ್ರೆ ನನ್ನ ಹೆಸರು ದೇವೀರಪ್ಪ ಅಲ್ಲ." ಇನ್ನೂ ಕೆಲವು ಮಾತು ಅಂದ. ಅವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಬೋರ್ಡಿನ ಮೇಲಿನ ಅಕ್ಷರ ಒಂದೂ ಸೊಟ್ಟಗಾಗಲಿಲ್ಲ. ದೇವೀರಪ್ಪ ದಪದಪ ನಡೆದು ಹೋದ. ಆಡಿದ ಮಾತು ಉಳಿಸಿಕೊಂಡ ಮನುಷ್ಯ, ಮತ್ತೆ ಬರಲಿಲ್ಲ.

"ತಾಳ್ಮೆ ಅಂದ್ರೆ ಇದು ಕಣ್ರೀ" ಎಂದು ಹೆಡ್‌ಮಾಸ್ಟರ ಕಿವಿಯಲ್ಲಿ ಹೇಳಿ, ತಲೆದೂಗುತ್ತ ತಮ್ಮಯ್ಯನೂ ಹೊರಟರು. ಹೆಡ್‌ಮಾಸ್ಟರು ಕಳಿಸಿಬರಲು ಹಿಂದೆಯೇ ಹೋದರು.

ಎಲ್ಲರೂ ಗೇಟು ದಾಟಿದ ಮೇಲೆ ಮಲ್ಲಿಕಾಂಬ ಎದ್ದು ಬಂದು ಸುಲೋಚನಮ್ಮನ ಸೆರಗು ಜಗ್ಗಿದಳು. ಅವರು ತಿರುಗಿದೊಡನೆ, ಜ್ವರದ ವರ್ಷದಿಂದ ಇಡೀ ತರಗತಿ ಗುಟ್ಟಾಗಿ ಮಾಡಿಕೊಂಡು ಬಂದ ಹಾಗೆ, ದನಿಯಿಲ್ಲದೆ ಬರೀ ತುಟಿ ಆಡಿಸಿ ಹೇಳಿದಳು: "ನಮ್ಮಪ್ಪ ಹೋದ್ರು ಟೀಚರ್. ಬಾಗ್ಲಲ್ಲಿ ನಿಂತು ಏನೇನೋ ಬೈದ್ರು, ಹುಲಿಗೆಮ್ಮನೂ ನೋಡಿ ತಿಳ್ಕೊಂಡ್ಲು. ನೀವು ಬೋರ್ಡಿನ ಕಡೆ ಇದ್ರಲ್ಲ, ನಿಮಗೆ ಗೊತ್ತೇ ಆಗ್ಲಿಲ್ಲ, ಒಳ್ಳೇದೇ ಆಯ್ತು. ಇನ್ಸ್‌ಪೆಕ್ಟರು ಅದನ್ನ ತಾಳ್ಮೆ ಅಂದ್ಕೊಂಡ್ರು."