ಧೋತರದ ಮೇಲೆ ಕೆಂಪು ಬಾಳೆ

ಮೂರನೆಯ ಸಲವೂ ಕುಂಚ ಕ್ಯಾನ್ವಾಸಿನಿಂದ ಒಂದು ಗೇಣು ದೂರದಲ್ಲಿ ನಿಂತುಬಿಟ್ಟಿತು. ತುಂಗಾಬಾಯಿ ಅದನ್ನು ನೀರಿನ ಲೋಟಕ್ಕೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ಪಕ್ಕದಲ್ಲಿ ನಿಂತಿದ್ದ ಗೌಸಿಯಾಗೆ ಹೇಳಿದರು: "ನನ್ನ ಹೆಸರು ತಗದುಬಿಡ್ರಿ ಟೀಚರ್. ಇದು ನನ್ನ ಕಡಿಂದ ಆಗೂದಲ್ಲ."

ಗೌಸಿಯಾ ಕಮಲಾಪುರದ ಶಾಲೆಯಲ್ಲಿ ಚಿತ್ರಕಲೆ ಕಲಿಸುವಾಕೆ. ಭಾನುವಾರಗಳಂದು ಕಲಬುರಗಿಯ ಈ ಮನೆಗೆ ಬಂದು ತುಂಗಾಬಾಯಿಗೆ ಪಾಠ ಹೇಳುತ್ತಿದ್ದಳು. ಬರುವ ಶುಕ್ರವಾರ ಆ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳ ಚಿತ್ರಪ್ರದರ್ಶನ. ತುಂಗಾಬಾಯಿಯ ತವರು ಕಮಲಾಪುರವೇ. ಏಳನೆಯ ಇಯತ್ತೆಗೇ ಮನೆಯವರು ಬಿಡಿಸಿದ್ದ ಆ ಶಾಲೆಯ ಗೋಡೆಗೆ ಅಪ್ಪನ ತೋಟದ ಕೆಂಪು ಬಾಳೆಯ ಗೊನೆಯೊಂದನ್ನು ತೂಗುಹಾಕಬೇಕೆಂಬುದು ಅರವತ್ತೆಂಟರ ವಯಸ್ಸಿನಲ್ಲಿ ಅವರಿಗೆ ಹುಟ್ಟಿದ ಹಟ. ಕಾಗದದ ಮೇಲೆ ಗೊನೆಗಳು ಧಾರಾಳವಾಗಿ ಇಳಿದಿದ್ದವು. ಸೂಪರ್ ಮಾರ್ಕೆಟ್ಟಿನಿಂದ ತಂದ ಸಿದ್ಧ ಕ್ಯಾನ್ವಾಸ್ ಮಾತ್ರ ಹತ್ತು ದಿನಗಳಿಂದ ಯಾರೂ ಮಾತನಾಡಿಸದ ಬೆಳಗಿನಂತೆ ಬೆಳ್ಳಗೆ ಕುಳಿತಿತ್ತು.

"ಅರಿವಿ ಅಲ್ಲೇನ್ರಿ ಅಮ್ಮಾ ಅದು? ಅದಕ್ಯಾಕ ಅಂಜತೀರಿ?"

"ಅರಿವಿ ಅಂತನೇ ಅಂಜಿಕಿ. ಬಿಳೇ ಅರಿವಿ ಬಿಗಿದು ಹಾಕ್ಯಾರ ಅಂದ್ರ ಮಡಿ ಒಣಗಲಿಕ್ಕೆ ಹತ್ತೇದ ಅಂತ ನನ್ನ ಕೈಗೆ ಗೊತ್ತು. ಎಂಟು ವರ್ಷದಾಕಿ ಇದ್ದಾಗಿಂದ 'ಮುಟ್ಟಬ್ಯಾಡ, ಮುಟ್ಟಬ್ಯಾಡ' ಅಂತ ಬೈಸಿಕೊಂಡದ್ದು. ಮನಸು ಮುಂದ ಹೋಗತದ, ಕೈ ಹಿಂದ ಬರ್ತದ."

ಗೌಸಿಯಾ ನಗಲಿಲ್ಲ. ತುಸು ಯೋಚಿಸಿ, "ಹಂಗಾರ ಅಂಗಡೀದು ಬಿಡ್ರಿ. ಮನ್ಯಾಗಿನ ಹಳೇ ಅರಿವಿ ಬಿಗದು, ಅಂಟಿನಾಗ ನುಣ್ಣನ ಬಿಳಿ ಮಣ್ಣು ಕಲಸಿ ಮೂರು ಕೈ ಬಳೀರಿ. ಅಂಗಡಿ ಸರೇಸು ಅಂಟು ದನದ ಎಲುಬಿಂದು, ನಿಮ್ಮ ಮನಿಗೆ ನಡಿಯೂದಿಲ್ಲ. ಹುಣಸಿ ಬೀಜ ಕುದಿಸಿ ಅಂಟು ತಗೀರಿ" ಎಂದಳು. ತುಂಗಾಬಾಯಿ ತಲೆಯಾಡಿಸಿ ಕುಂಚ ತೊಳೆಯಲು ಎದ್ದರು. ಒಳಕೋಣೆಯಲ್ಲಿ ಪತ್ರಿಕೆ ಓದುತ್ತಿದ್ದ ಅವರ ಯಜಮಾನರು, ನಿವೃತ್ತ ಗಣಿತ ಮಾಸ್ತರ ವಾಸುದೇವರಾಯರು, ಪತ್ರಿಕೆಯ ಅಂಚಿನಲ್ಲಿ ಏನನ್ನೋ ಬರೆದುಕೊಂಡರು.

ಬುಧವಾರ ಬೆಳಿಗ್ಗೆ ರಾಯರು ಹೆಂಡತಿಯನ್ನು ಮಾಳಿಗೆಗೆ ಕರೆದರು. ಕಿಟಕಿಯ ಸೊಳ್ಳೆಜಾಳಿಗೆ ಕಿತ್ತ ಚೌಕಟ್ಟಿಗೆ ಅವರ ಮಡಿಧೋತರ ಮೊಳೆಹೊಡೆಸಿಕೊಂಡು ಬಿಸಿಲು ಕಾಯುತ್ತಿತ್ತು. ಒಂದು ಬದಿಗೆ ಅಂಚು ಹಾಗೆಯೇ ಉಳಿದಿತ್ತು. ನಡುವೆ ಒಂದು ನೆರಿಗೆ. ಅಲ್ಲಲ್ಲಿ ಅಂಟಿನ ಗಂಟುಗಳು. ಬಣ್ಣ ಬಿಳಿಯದಲ್ಲ, ಆಗ ತಾನೇ ಕಾಸಲಿಟ್ಟ ಬೆಣ್ಣೆಯದು. ತುಂಗಾಬಾಯಿ ಬಾಗಿ ಮೂಸಿದರು.

"ಅಯ್ಯ! ಗೋಪಿಚಂದನ ಬಳದೀರೇನ್ರೀ?"

"ನುಣ್ಣನ ಮಣ್ಣು ಅಂದ್ರಲ್ಲ ಟೀಚರು. ಇದಕ್ಕಿಂತ ನುಣ್ಣಂದು ನನಗ ಗೊತ್ತಿಲ್ಲ. ದ್ವಾರಕಾದಿಂದ ತಂದ ನಾಕೂ ತುಂಡು ತೇದೇನಿ. ಪ್ರಮಾಣದಾಗ ಕೂದಲಷ್ಟು ತಪ್ಪಿಲ್ಲ."

"ಬಿಳಿ ಮಣ್ಣು ಅಂದ್ರ ಬೋರ್ಡಿನ ಮ್ಯಾಲ ಬರಿಯೂ ಖಡು ಪುಡಿ ರೀ! ಮೂವತ್ತಾರು ವರ್ಷ ಕೈಯಾಗ ಖಡು ಹಿಡಿದವ್ರಿಗೆ ಅದು ಹೊಳೀಲಿಲ್ಲೇನು?"

ತುಂಗಾಬಾಯಿ ಮೆಟ್ಟಿಲ ಮೇಲೆ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಮೈಗೆ ಹನ್ನೆರಡು ನಾಮ ಹಚ್ಚೂದು ಕೇಳಿದ್ದೆ. ಧೋತರಕ್ಕ ಒಂದೇ ನಾಮ, ಮೂರು ಕೈ!"

"ನಗೂದು ಆಮ್ಯಾಲ. ಇದರ ಮಡಿ ಅಂತೂ ಹೋತು. ಮುಟ್ಟು ಈಗ" ಎಂದು ರಾಯರು ಆಕೆಯ ಕೈ ಹಿಡಿದು ಬಟ್ಟೆಯ ಮೇಲಿಟ್ಟರು. ಅಂಗೈಯ ಕೆಳಗೆ ಅದು ಬೆಚ್ಚಗಿತ್ತು, ನಾಲ್ಕು ದಿನ ಕ್ಷೌರ ಕಾಣದ ಕೆನ್ನೆಯಂತೆ ತುಸು ಒರಟಾಗಿತ್ತು. ಆ ಕೈ ಹಿಂದೆ ಬರಲಿಲ್ಲ. ಆಗಲೇ ಕೆಟ್ಟದ್ದನ್ನು ಕೆಡಿಸುವ ಭಯ ಯಾರಿಗೆ? ಅರ್ಧ ಗಂಟೆಯಲ್ಲಿ ಬಣ್ಣಗಳು ಮಾಳಿಗೆಗೆ ಬಂದವು. ಅಡುಗೆ ಅವತ್ತು ರಾಯರದಾಯಿತು. ನೆರಿಗೆ ಬಾಳೆಯ ದಿಂಡಿನ ಅಂಚಾಯಿತು, ಗಂಟುಗಳು ಮಾಗಿದ ಹಣ್ಣಿನ ಮೈಯ ಮಚ್ಚೆಗಳಾದವು. ಗುರುವಾರ ಸಂಜೆ ಹೊತ್ತಿಗೆ ಮಾವನ ತೋಟ ಅಳಿಯನ ಧೋತರದ ಮೇಲೆ ಗೊನೆ ಬಿಟ್ಟಿತ್ತು.

ಶುಕ್ರವಾರ ಸ್ನಾನ ಮುಗಿಸಿದ ರಾಯರು ಗೋಪಿಚಂದನದ ಡಬ್ಬಿ ತೆರೆದರು. ಅದರಲ್ಲಿ ಪರಿಮಳ ಮಾತ್ರ ಉಳಿದಿತ್ತು.

"ಬರೇ ಹಣಿಲೆ ಮಾವನ ಊರಿಗೆ ಹೆಂಗ ಬರಲಿ? ನೀನು, ಟೀಚರು ಹೋಗಿ ಬರ್ರಿ."

"ಸುಮ್ಮ ಕೂಡ್ರಿ" ಎಂದು ತುಂಗಾಬಾಯಿ ಮಾಳಿಗೆಯಿಂದ ಕಲಸಿದ ಬಟ್ಟಲನ್ನೇ ತಂದರು. ತಳದಲ್ಲಿ ಒಣಗಿದ್ದನ್ನು ಉಗುರಿನಿಂದ ಕೆರೆದು, ನಾಲ್ಕು ಹನಿ ನೀರು ಬೆರೆಸಿ, ಎಲ್ಲಕ್ಕಿಂತ ಸಣ್ಣ ಕುಂಚವನ್ನು ಅದ್ದಿದರು. ಎಡಗೈಯಿಂದ ಗಂಡನ ಗದ್ದ ಹಿಡಿದೆತ್ತಿದರು. "ಉಸಿರು ಬಿಡಬ್ಯಾಡ್ರಿ." ಮೂಗಿನ ಬುಡದಿಂದ ಹಣೆಯಂಚಿನವರೆಗೆ ಎರಡು ಗೆರೆಗಳು ಒಂದೊಂದೇ ಎಳೆತದಲ್ಲಿ ಏರಿದವು. ಗಣಿತ ಮಾಸ್ತರರು ಕನ್ನಡಿ ನೋಡಿದರು. ಅವರದೇ ಕೈಯಿಂದ ಇಷ್ಟು ನೇರ ಗೆರೆ ಎಂದೂ ಮೂಡಿರಲಿಲ್ಲ.

ಬಾಗಿಲಲ್ಲಿ ಆಟೊ ನಿಂತಿತು. ಇಬ್ಬರೂ ಹತ್ತಿ ಕುಳಿತ ಮೇಲೆ, ಅದರೊಳಗಿದ್ದ ಗೌಸಿಯಾ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. "ಅಂಗಡಿ ಬಿಳುಪಿನ ಮ್ಯಾಲ ಈ ಕೆಂಪು ಚೀರತಿತ್ತು ಅಮ್ಮಾ. ಇಲ್ಲಿ ಕುಂತು ಮಾತಾಡ್ಲಿಕ್ಕೆ ಹತ್ತೇದ." ಆಮೇಲೆ ಕೆಳಗಿನ ಮೂಲೆಯನ್ನು ಹುಡುಕಿದಳು. "ಆದ್ರ ಸಹಿ ಎಲ್ಲ್ಯದರೀ? ಚಿತ್ರ ಬರದವ್ರು ಸಹಿ ಹಾಕಬೇಕಲ್ಲ?"

ತುಂಗಾಬಾಯಿ ನಾಲಿಗೆ ಕಚ್ಚಿಕೊಂಡರು. ಪಕ್ಕದಲ್ಲಿ ಕುಳಿತಿದ್ದ ವಾಸುದೇವರಾಯರು ಹೆಂಡತಿ ಎಳೆದ ಗೆರೆಗಳಿನ್ನೂ ಹಸಿಯಾಗಿದ್ದ ತಮ್ಮ ಹಣೆಯನ್ನು ಗೌಸಿಯಾಳ ಕಡೆಗೆ ಮೆಲ್ಲಗೆ ಬಾಗಿಸಿದರು.